ಉಚ್ಚೆಯ ನೀಲಿ, ಮಡಿಯ ಬಟ್ಟೆ

ಕಲ್ಲಿನಲ್ಲಿ ಕಡೆದರೆ ಶಿಲ್ಪ, ಗೋಡೆಯ ಮೇಲೆ ಬರೆದರೆ ಚಿತ್ರ, ತಾಳೆಗರಿಯ ಮೇಲೆ ಕೊರೆದರೆ ಕಾವ್ಯ. ಗುಂಡಿಮಗ್ಗದೊಳಕ್ಕೆ ಕಾಲು ಇಳಿಬಿಟ್ಟು ಕೂತು ನೇಯ್ದರೆ ಮಾತ್ರ ಅದು ಕಸುಬು. ಈ ಲೆಕ್ಕ ಹಾಕಿಕೊಟ್ಟವರು ಯಾರು ಅಂತ ಈ ಪುಟಗಳನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಬಟ್ಟೆ ಬೇಕು, ನೇಯ್ದವನ ಹೆಸರು ಬೇಡ. ಜೇಡರ ದಾಸಿಮಯ್ಯನಿಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಜಾಗ ಸಿಕ್ಕಿದ್ದು ಅವನು ವಚನ ಹೇಳಿದ ಅನ್ನೋ ಕಾರಣಕ್ಕೆ. ಅವನ ಮಗ್ಗದಿಂದ ಇಳಿದ ಬಟ್ಟೆ ಎಂಥದ್ದು ಅಂತ ಕೇಳಿದ ಪಂಡಿತರು ಕಡಿಮೆ.

ಯೂರೋಪಿನಲ್ಲೂ ಲೆಕ್ಕ ಬಹಳ ಬೇರೆ ಇರಲಿಲ್ಲ. ಅಲ್ಲಿ ಜಾತಿ ಇಲ್ಲದಿರಬಹುದು, ಆದರೆ ಮಗ್ಗ ಹೆಂಗಸರದು, ಕುಂಚ ಗಂಡಸರದು. ಆ ಲೆಕ್ಕವನ್ನು ತನ್ನ ಮಗ್ಗದಲ್ಲೇ ಹರಿದು ಹಾಕಲು ಹೊರಟ ಒಬ್ಬ ಹೆಂಗಸಿನ ಕೆಲಸವನ್ನು ನಮ್ಮ ನೆಲದ ಮೇಲೆ ನಿಂತು ನೋಡೋಣ ಅಂತ ಈ ಬರಹ. ಅವಳ ಹೆಸರು ಹನ್ನಾ ರಿಗ್ಗೆನ್. ಹುಟ್ಟಿದ್ದು 1894ರಲ್ಲಿ ಸ್ವೀಡನ್ನಿನ ಮಾಲ್ಮೋ ಪಟ್ಟಣದಲ್ಲಿ, ತೀರಿಕೊಂಡದ್ದು 1970ರಲ್ಲಿ ನಾರ್ವೆಯಲ್ಲಿ. ಉಡಿಗಾಲದ ಮೇಷ್ಟರಿಗೂ ಗುಂಡ್ಲುಪೇಟೆಯ ಕಾಲೇಜು ಹುಡುಗರಿಗೂ ಆ ಮಂಜಿನ ದೇಶದ ಹೆಂಗಸಿನ ಮಾತು ಯಾಕೆ ಬೇಕು ಅನ್ನೋರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲು ಆ ಸೀಮೆಯ ನೇಯ್ಗೆಯ ವಿಚಾರ. ನಾರ್ವೆ, ಸ್ವೀಡನ್, ಫಿನ್‌ಲೆಂಡುಗಳಲ್ಲಿ ಚಳಿಗಾಲ ಅಂದರೆ ಅರ್ಧ ವರ್ಷ ಕತ್ತಲೆ. ಹೊಲದಲ್ಲಿ ಕೆಲಸ ಇರೋದಿಲ್ಲ. ಮನೆಯೊಳಗೆ ಮಗ್ಗ ಇರುತ್ತದೆ. ಅಲ್ಲಿಯ 'ರ್‍ಯೂ' ಎಂಬ ನೇಯ್ಗೆಯಲ್ಲಿ ಹಾಸಿನ ಎಳೆಗಳಿಗೆ ಉಣ್ಣೆಯ ಗಂಟು ಹಾಕಿ ಕುರಿಯ ಮೈಯಂತೆ ಎಳೆ ಇಳಿಬಿಡುತ್ತಾರೆ. ಮೀನುಗಾರರು ದೋಣಿಯಲ್ಲಿ ಅದನ್ನು ಹೊದ್ದು ಮಲಗುತ್ತಿದ್ದರು. ಒದ್ದೆಯಾದರೂ ಬೆಚ್ಚಗಿಡುವ ಹೊದಿಕೆ ಅದು. ಅದೇ ಮುಂದೆ ಮಂಚದ ಮೇಲಿನ ಅಲಂಕಾರವಾಯಿತು, 20ನೇ ಶತಮಾನದಲ್ಲಿ ಸ್ಥಿತಿವಂತರ ಗೋಡೆಗೆ ಹತ್ತಿತು. ಮೈಗೆ ಹೊದ್ದದ್ದು ಗೋಡೆಗೆ ಹೋದ ಕತೆ ಇದು. ನಮ್ಮ ಕಂಬಳಿಯ ನೆನಪಾಗುತ್ತದೆ. ಕುರಿಯ ಕಪ್ಪು ಉಣ್ಣೆಗೆ ಬಣ್ಣ ಹಾಕದೆ, ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿ ನೇಯ್ದ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ದೇವರ ಕಾರ್ಯಕ್ಕೆ ಗದ್ದಿಗೆ. ಗೋಡೆಗೆ ಮಾತ್ರ ಅದು ಏರಲಿಲ್ಲ. ತೂಗುಹಾಕಲು ಬೇಕಾದ ಗೋಡೆಯೇ ಅದನ್ನು ಹೊದ್ದವರಿಗೆ ಇರಲಿಲ್ಲ ಅನ್ನೋದು ಬೇರೆ ಮಾತು.

ಇನ್ನೊಂದು ನೇಯ್ಗೆ ಚಿತ್ರದ್ದು. ಹಾಸು ಪೂರ್ತಿ ಮುಚ್ಚಿಹೋಗುವಂತೆ ಹೊಕ್ಕಿನ ಎಳೆಗಳನ್ನು ಒತ್ತಿ, ಒಂದೊಂದು ಬಣ್ಣಕ್ಕೂ ಒಂದೊಂದು ಎಳೆ ತಿರುಗಿಸಿ, ಮನುಷ್ಯರ ಆಕಾರ ಎಬ್ಬಿಸುವುದು. ನಾರ್ವೆಯ ಕಣಿವೆಗಳಲ್ಲಿ 17ನೇ ಶತಮಾನದಲ್ಲೇ ರೈತರ ಮನೆಗಳಲ್ಲಿ ಬೈಬಲ್ಲಿನ ಕತೆಗಳನ್ನು ಹೀಗೆ ನೇಯುತ್ತಿದ್ದರು. ರಿಗ್ಗೆನ್ ಹಿಡಿದದ್ದು ಈ ದಾರಿ. ಕತೆ ಮಾತ್ರ ಬೈಬಲ್ಲಿನದಲ್ಲ.

ಅವಳು ಕೆಲಸಗಾರರ ಮನೆಯ ಮಗಳು. ಮೊದಲು ಪ್ರಾಥಮಿಕ ಶಾಲೆಯ ಮೇಡಮ್ಮು. ಪಾಠ ಮಾಡುತ್ತಲೇ ಚಿತ್ರ ಕಲಿತಳು. ಹಾನ್ಸ್ ರಿಗ್ಗೆನ್ ಎಂಬ ಚಿತ್ರಗಾರನನ್ನು ಮದುವೆಯಾಗಿ 1924ರಲ್ಲಿ ನಾರ್ವೆಯ ಓರ್ಲಾಂಡ್ ಎಂಬ ಕಡಲಂಚಿನ ಊರಿಗೆ ಬಂದಳು. ಒಂದು ಚೂರು ಹೊಲ, ದನ, ಕುರಿ. ಮನೆಯಲ್ಲಿ ಕರೆಂಟಿಲ್ಲ, ನಲ್ಲಿ ನೀರಿಲ್ಲ. ಮಗ್ಗ ಗಂಡ ಮಾಡಿಕೊಟ್ಟದ್ದು. ಉಣ್ಣೆ ತಾನೇ ಹಿಂಜಿ ತಾನೇ ನೂತಳು. ಬಣ್ಣ ಬೇಲಿ, ಬಂಡೆ, ಹೊಲದ ಬದುಗಳಿಂದ ಬಂತು: ಬರ್ಚ್ ಮರದ ಎಲೆ, ಬಂಡೆಯ ಮೇಲಿನ ಹಾವಸೆ, ತೊಗಟೆ, ಬೇರು. ಕಾಗದದ ಮೇಲೆ ಮೊದಲೇ ನಕ್ಷೆ ಬರೆದುಕೊಳ್ಳಲಿಲ್ಲ. ಮಗ್ಗದ ಮುಂದೆ ಕೂತು ನೇರವಾಗಿ ನೇಯ್ದಳು. ತಪ್ಪಿದರೆ ಅಳಿಸಿ ಹಾಕಲು ಅದೇನು ಸ್ಲೇಟೇ? ಬುಡದಿಂದ ಮೇಲಕ್ಕೆ ಒಂದೊಂದೇ ಎಳೆ ಏರುವ ಕೆಲಸದಲ್ಲಿ ತಲೆಯೊಳಗೆ ಇಡೀ ಚಿತ್ರ ಇಲ್ಲದಿದ್ದರೆ ಕೈ ಮುಂದಕ್ಕೆ ಹೋಗದು.

ಈಗ ನೀಲಿಗೆ ಬರೋಣ. ನೀಲಿ ನೀರಿನಲ್ಲಿ ಕರಗದ ಬಣ್ಣ. ಅದನ್ನು ನೂಲಿಗೆ ಹಿಡಿಸಬೇಕಾದರೆ ಕ್ಷಾರ ಬೇಕು, ಹುದುಗಬೇಕು, ಗಾಳಿ ಸೋಕಬಾರದು. ರಿಗ್ಗೆನ್ ಇದಕ್ಕೆ ಹಳೆಯ ರೈತಾಪಿ ಉಪಾಯವನ್ನೇ ಹಿಡಿದಳು: ಮನುಷ್ಯರ ಉಚ್ಚೆ. ಹಳಸಿದ ಉಚ್ಚೆಯಲ್ಲಿ ಅಮೋನಿಯಾ ಹುಟ್ಟುತ್ತದೆ. ಅದನ್ನು ಮಡಕೆಗೆ ತುಂಬಿ, ನೀಲಿ ಹಾಕಿ, ಬೆಚ್ಚಗಿನ ಜಾಗದಲ್ಲಿ ದಿನಗಟ್ಟಲೆ ಹುದುಗಲು ಬಿಟ್ಟು ನೂಲು ಅದ್ದಿದರೆ, ಎತ್ತಿದಾಗ ನೂಲು ಹಳದಿ ಹಸಿರಾಗಿರುತ್ತದೆ. ಗಾಳಿ ತಾಗುತ್ತಲೇ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಆ ನೀಲಿಗೆ ಅಲ್ಲಿಯ ಜನ ಇಟ್ಟ ಹೆಸರು 'ಮಡಕೆ ನೀಲಿ'. ಮನೆಗೆ ಬಂದ ನೆಂಟರು ಹೋಗುವ ಮೊದಲು ಆ ಮಡಕೆಗೆ ತಮ್ಮ ಪಾಲು ಕೊಟ್ಟು ಹೋಗಬೇಕಿತ್ತಂತೆ. ನಗು ಬಂದರೆ ನಗಬಹುದು. ಅವಳ ಅತ್ಯಂತ ಗಂಭೀರ ಚಿತ್ರಗಳ ನೀಲಿ ಬಂದದ್ದು ಹೀಗೆ.

ಕೈಮಗ್ಗ, ಕೈಬಣ್ಣದ ಬಗ್ಗೆ ನಮ್ಮಲ್ಲಿ ಬರೆಯುವವರು ಬಳಸುವ ಮಾತುಗಳನ್ನು ಗಮನಿಸಿ: ಶುದ್ಧ, ಸಾತ್ವಿಕ, ನಿರ್ಮಲ, ಪವಿತ್ರ. ಬಟ್ಟೆಯ ಅಂಗಡಿಯ ಚೀಟಿಯಲ್ಲೂ ಇವೇ ಮಾತು. ಇವು ಬಟ್ಟೆಯ ಮಾತುಗಳಲ್ಲ, ಮಡಿಯ ಮಾತುಗಳು. ಕನ್ನಡದಲ್ಲಿ 'ಮಡಿ' ಅಂದರೆ ಒಗೆದ ಬಟ್ಟೆಯೂ ಹೌದು, ಮುಟ್ಟಿಸಿಕೊಳ್ಳದಿರುವುದೂ ಹೌದು. ಬಟ್ಟೆಗೂ ಜಾತಿಗೂ ಒಂದೇ ಮಾತು ಇಟ್ಟುಕೊಂಡ ನಾಡು ನಮ್ಮದು. ಆ ಬಟ್ಟೆಯನ್ನು ಒಗೆದು ಮಡಿ ಮಾಡಿಕೊಟ್ಟವನು ಮಾತ್ರ ಮಡಿಯ ಹೊರಗೆ.

ರೇಷ್ಮೆಯನ್ನೇ ನೋಡಿ. ನಮ್ಮ ಚಾಮರಾಜನಗರ ಸೀಮೆಗೆ ರೇಷ್ಮೆ ಗೊತ್ತು. ಸಂತೇಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲ ಎಲ್ಲ ಕಡೆ ನೂಲು ಬಿಚ್ಚಿದ ಕೈಗಳು ನಮ್ಮವೇ. ಕುದಿಯುವ ನೀರಿನಲ್ಲಿ ಹುಳ ಸಮೇತ ಗೂಡು ಬೇಯುತ್ತದೆ. ಆ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಬೆರಳ ಸಂದಿ ಬೆಂದು ಬಿಳಿಚಿಕೊಳ್ಳುತ್ತದೆ. ಸತ್ತ ಹುಳದ ನಾತ ಸೀರೆಗೆ, ತಲೆಕೂದಲಿಗೆ ಅಂಟಿ ಮನೆತನಕ ಬರುತ್ತದೆ. ಹೀಗೆ ತೆಗೆದ ಎಳೆಯಲ್ಲಿ ನೇಯ್ದ ಪಟ್ಟೆಮಡಿಗೆ ಮೈಲಿಗೆಯೇ ಇಲ್ಲ! ಅದನ್ನು ಉಟ್ಟವನು ಗರ್ಭಗುಡಿಗೆ ಹೋಗಬಹುದು. ಎಳೆ ಬಿಚ್ಚಿದವಳಿಗೆ ಹೊರಗಿನ ಕಟ್ಟೆ. ಎಷ್ಟು ಹುಳ ಸತ್ತರೂ ಮೈಲಿಗೆಯಾಗದ ಬಟ್ಟೆ ಒಬ್ಬ ಮನುಷ್ಯಳ ನೆರಳಿಗೆ ಹೇಗೆ ಮೈಲಿಗೆಯಾಗುತ್ತದೆ ಅಂತ ಶಾಸ್ತ್ರ ಓದಿದವರು ಹೇಳಬೇಕು.

ಉಚ್ಚೆಯ ಮಾತು ಎತ್ತಿದ್ದಕ್ಕೆ ಮೂಗು ಮುಚ್ಚಿಕೊಂಡವರಿಗೆ ಇನ್ನೊಂದು ಉಚ್ಚೆಯ ಕತೆ ನೆನಪಿಸುತ್ತೇನೆ. 2022ರ ನವೆಂಬರ್‌ನಲ್ಲಿ ಇದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ಒಬ್ಬ ದಲಿತ ಹೆಣ್ಣುಮಗಳು ಮೇಲುಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಚೆಲ್ಲಿ ಗೋಮೂತ್ರ ಹಾಕಿ ತೊಳೆದರು ಅಂತ ಪತ್ರಿಕೆಗಳೆಲ್ಲ ಬರೆದವು, ಕೇಸೂ ಆಯಿತು. ದನದ ಉಚ್ಚೆ ಶುದ್ಧಿಗೆ, ಮನುಷ್ಯಳ ಬಾಯಿ ಮೈಲಿಗೆಗೆ. ರಿಗ್ಗೆನ್ ಮಡಕೆಯ ಪಕ್ಕದಲ್ಲಿ ಈ ತೊಂಬೆಯನ್ನು ಇಟ್ಟು ನೋಡಬೇಕು. ಅಲ್ಲಿ ನೆಂಟ, ನೆರೆಯವ, ಬಡವ, ಬಲ್ಲಿದ ಎಲ್ಲರ ಉಚ್ಚೆಯೂ ಒಂದೇ ಮಡಕೆಗೆ ಬಿದ್ದು ಬಣ್ಣವಾಯಿತು. ಯಾರದು ಯಾವುದು ಅಂತ ನೀಲಿಯನ್ನು ಕೇಳಿದರೆ ಅದು ಹೇಳುವುದಿಲ್ಲ. ಅವಳ ಕೈಬಣ್ಣದ ನೂಲನ್ನು ನಾನು ಮೆಚ್ಚುವುದು ಅದು ಗಿಡದಿಂದ ಬಂತು, 'ನಿಸರ್ಗ'ದ್ದು ಅನ್ನೋದಕ್ಕಲ್ಲ. ಅದು ಮಡಿ ಕೆಡಿಸಿದ ನೂಲು ಅನ್ನೋದಕ್ಕೆ. ಕೈಮಗ್ಗದ ನಮ್ಮ ಭಕ್ತರಿಗೂ ನನಗೂ ಜಗಳ ಇರುವುದು ಇಲ್ಲೇ.

ಇನ್ನು ಆ ನೂಲಿನಿಂದ ಅವಳು ಏನು ನೇಯ್ದಳು ನೋಡಿ. 1933ರಲ್ಲಿ ನೇಯ್ದ ಒಂದು ಚಿತ್ರದ ಹೆಸರು 'ಸಾಲದ ಕಡಲಿನಲ್ಲಿ ಮೀನುಗಾರಿಕೆ'. ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದಿದ್ದ ಕಾಲ. ಸಾಲಕ್ಕೆ ಮುಳುಗುತ್ತಿದ್ದ ಬಡವರ ಪಾಡು ಅದರ ವಸ್ತು. ಸಾಲವನ್ನು ಕಡಲು ಅಂದದ್ದು ಬರೀ ಉಪಮೆ ಅಂತ ನವ್ಯದವರು ಓದಿಕೊಂಡಾರು. ಜೀತದ ಸೀಮೆಯಲ್ಲಿ ಬೆಳೆದವರಿಗೆ ಅದು ಉಪಮೆಯಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ, ಮಗನ ಮದುವೆ ಸಾಲಕ್ಕೆ ಮೊಮ್ಮಗ ಗೌಡರ ಕೊಟ್ಟಿಗೆ ಸೇರಿದ ಮನೆಗಳು ಈ ಕಡೆ ಎಷ್ಟಿದ್ದವು! ಜೀತ ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಕಾಯಿದೆ ಬಂದ ಮಾರನೇ ದಿನವೇ ಯಾರೂ ದಡ ಸೇರಲಿಲ್ಲ.

1935ರಲ್ಲಿ ಮುಸೊಲಿನಿಯ ಸೈನ್ಯ ಇಥಿಯೋಪಿಯಕ್ಕೆ ನುಗ್ಗಿತು. ರಿಗ್ಗೆನ್ ಕರೆಂಟಿಲ್ಲದ ಆ ಮನೆಯಲ್ಲಿ ಕೂತು 'ಇಥಿಯೋಪಿಯ' ನೇಯ್ದಳು. ಅದರ ಬಲತುದಿಯಲ್ಲಿ ಒಬ್ಬ ಕಪ್ಪು ಯೋಧನ ಈಟಿ ಮುಸೊಲಿನಿಯ ತಲೆಯನ್ನು ತಿವಿದು ನಿಂತಿದೆ. 1937ರ ಪ್ಯಾರಿಸ್ ಜಾಗತಿಕ ಮೇಳದಲ್ಲಿ ನಾರ್ವೆಯ ಮಂಟಪದಲ್ಲಿ ಅದನ್ನು ತೂಗುಹಾಕಿದರು, ಆದರೆ ಆ ತಲೆ ಇದ್ದ ತುದಿಯನ್ನು ಮಡಚಿ ಮರೆ ಮಾಡಿದರು! ಇಟಲಿಗೆ ನೋವಾಗಬಾರದಲ್ಲ. ಪಿಕಾಸೊನ 'ಗೆರ್ನಿಕಾ' ಇದ್ದದ್ದೂ ಅದೇ ಮೇಳದಲ್ಲಿ. ಅದನ್ನು ಲೋಕವೆಲ್ಲ ಹಾಡಿ ಹೊಗಳಿತು. ಬಟ್ಟೆಯನ್ನು ಮಡಚಬಹುದು ಅನ್ನೋದು ಬಟ್ಟೆಯ ಗುಣ. ಅದೇ ಗುಣವನ್ನು ಅಧಿಕಾರಸ್ಥರು ಹೇಗೆ ಬಳಸಿಕೊಂಡರು ನೋಡಿ. ನಮ್ಮಲ್ಲಿ ಸಮ್ಮೇಳನದ ನಿರ್ಣಯಗಳನ್ನು, ತನಿಖಾ ವರದಿಗಳನ್ನು ಮಡಚುವ ಕೆಲಸ ಕಂಡವರಿಗೆ ಇದೇನು ಹೊಸದಲ್ಲ.

1936ರಲ್ಲಿ 'ಕನಸುಗಳ ಸಾವು', ನಾಜಿಗಳ ಸೆರೆಮನೆಯ ಚಿತ್ರ. ಅದರಲ್ಲಿ ಕಾರ್ಲ್ ಫಾನ್ ಒಸಿಯೆಟ್‌ಸ್ಕಿ ಎಂಬ ಪತ್ರಕರ್ತ ಇದ್ದಾನೆ. ಲಿಸೆಲೊಟ್ಟೆ ಹೆರ್ಮನ್ ಜರ್ಮನಿಯ ಕಮ್ಯುನಿಸ್ಟ್ ಹುಡುಗಿ, ಎಳೆಗೂಸಿನ ತಾಯಿ. 1938ರ ಜೂನ್‌ನಲ್ಲಿ ಬರ್ಲಿನ್ನಿನಲ್ಲಿ ಅವಳ ತಲೆ ಕಡಿದರು. ಅದೇ ವರ್ಷ ಓರ್ಲಾಂಡಿನ ಮಗ್ಗದ ಮೇಲೆ ಅವಳು ಮಗುವಿನ ಜೊತೆ ಎದ್ದು ಬಂದಳು, ತನ್ನ ಹೆಸರಿನ ಸಮೇತ. ನಾಜಿಗಳು ನಾರ್ವೆಯನ್ನೇ ಆಕ್ರಮಿಸಿದ ಮೇಲೂ ಅವಳು ಮಗ್ಗ ನಿಲ್ಲಿಸಲಿಲ್ಲ. 1942ರ ಅಕ್ಟೋಬರ್‌ನಲ್ಲಿ ಹತ್ತಿರದ ಟ್ರೋನ್‌ಹೆಮ್ ಪಟ್ಟಣದ ಹತ್ತು ಮಂದಿ ನಾಗರಿಕರನ್ನು ಗುಂಡಿಕ್ಕಿ ಕೊಂದರು. ಅವರಲ್ಲೊಬ್ಬ ನಾಟಕದ ಮನುಷ್ಯ ಹೆನ್ರಿ ಗ್ಲೆಡಿಚ್. ಅವಳು ಆ ತಾರೀಖನ್ನೇ ಹೆಸರಾಗಿಟ್ಟು '1942 ಅಕ್ಟೋಬರ್ 6' ನೇಯ್ದಳು. 1944ರಲ್ಲಿ ಗಂಡನನ್ನು ಹಿಡಿದುಕೊಂಡು ಹೋಗಿ ಗ್ರೀನಿ ಎಂಬ ಶಿಬಿರದಲ್ಲಿಟ್ಟರು. ಅದೂ ಒಂದು ನೇಯ್ಗೆಯಾಯಿತು. ಕೊನೆಗಾಲದಲ್ಲಿ, 1966ರಲ್ಲಿ, ವಿಯೆಟ್ನಾಮಿನ ಮೇಲೆ 'ಹುಲ್ಲಿನಲ್ಲಿ ನೆತ್ತರು'.

ಇವುಗಳ ಕಸುಬು ಎಂಥದ್ದು ಅಂತಲೂ ಹೇಳಬೇಕು, ಬರೀ ವಸ್ತು ಒಳ್ಳೆಯದಿದ್ದರೆ ಸಾಲದು. ನಮ್ಮ ಬಂಡಾಯದ ಪದ್ಯಗಳಲ್ಲೂ ವಸ್ತು ಒಳ್ಳೆಯದೇ, ಎಷ್ಟೋ ಪದ್ಯ ಎರಡನೇ ಓದಿಗೆ ನಿಲ್ಲುವುದಿಲ್ಲ. ರಿಗ್ಗೆನ್ ಆಕಾರಗಳು ಒರಟು. ಕೈಕಾಲು ಅಳತೆ ಮೀರಿದವು, ಮುಖಗಳು ಚಪ್ಪಟೆ. ದೂರ ಹತ್ತಿರ ಎಂಬ ಮೋಸವಿಲ್ಲ, ಕೊಂದವನೂ ಸತ್ತವಳೂ ಒಂದೇ ಮಟ್ಟದಲ್ಲಿ ಎದುರಿಗೆ ನಿಲ್ಲುತ್ತಾರೆ. ಗಿಡದ ಬಣ್ಣ ಒಂದು ಸಲದ ಅದ್ದಿನಂತೆ ಇನ್ನೊಂದು ಸಲ ಬರುವುದಿಲ್ಲ. ಹಾಗಾಗಿ ಒಂದೇ ಕೆಂಪಿನೊಳಗೆ ನಾಲ್ಕು ಕೆಂಪು ಅಲುಗುತ್ತವೆ, ಗಾಯ ಹಸಿಯಾಗಿಯೇ ಇದ್ದಂತೆ ಕಾಣುತ್ತದೆ. ಎಣ್ಣೆಬಣ್ಣ ಇದನ್ನು ನಟಿಸಬೇಕು, ನೂಲು ನಟಿಸಬೇಕಿಲ್ಲ. ಪತ್ರಿಕೆಯ ಸುದ್ದಿ ಒಂದು ದಿನದಲ್ಲಿ ಹಳಸುತ್ತದೆ. ಅದೇ ಸುದ್ದಿಯ ಮುಂದೆ ಒಬ್ಬಳು ತಿಂಗಳುಗಟ್ಟಲೆ ಕೂತು ಎಳೆ ಎಳೆಯಾಗಿ ಬಡಿದಾಗ ಅದು ಸುದ್ದಿಯಾಗಿ ಉಳಿಯುವುದಿಲ್ಲ. ಸಿಟ್ಟು ಇಷ್ಟು ನಿಧಾನವಾಗಿಯೂ ಕೆಲಸ ಮಾಡಬಲ್ಲದು ಅನ್ನೋದನ್ನು ನಾನು ಕಂಡದ್ದು ಈ ನೇಯ್ಗೆಗಳಲ್ಲಿ.

ಹಾಗಂತ ಅವಳಿಗೆ ಆರತಿ ಎತ್ತಬೇಕಾಗಿಲ್ಲ. ತಾನು ನೇಕಾರಳಲ್ಲ, ಚಿತ್ರಗಾರ್ತಿ, ತನ್ನ ಕುಂಚವೇ ಮಗ್ಗ ಎಂಬ ಅರ್ಥದ ಮಾತನ್ನು ಅವಳು ಹೇಳುತ್ತಿದ್ದಳು. ಅವಳಿಗೂ ಮೇಲಿನ ಮೆಟ್ಟಿಲು ಹತ್ತಲು 'ಚಿತ್ರ' ಎಂಬ ಹೆಸರು ಬೇಕಾಯಿತು. ನೇಕಾರಳಾಗಿದ್ದೇ ಇದೆಲ್ಲ ಮಾಡಿದೆ ಅನ್ನಲು ಆಗಲಿಲ್ಲ. ಅದೇ ನಾರ್ವೆಯ ಉತ್ತರದ ಮಂದಾಲೆನ್ ಕಣಿವೆಯಲ್ಲಿ ಕಡಲಂಚಿನ ಸಾಮಿ ಬುಡಕಟ್ಟಿನ ಹೆಂಗಸರು 'ಗ್ರೇನೆ' ಎಂಬ ದಪ್ಪ ಉಣ್ಣೆಯ ಹೊದಿಕೆ ನೇಯುತ್ತಾ ಬಂದವರು. ಗೋಡೆಗೆ ಒರಗಿಸಿದ ಎರಡು ಕಂಬ, ಹಾಸಿನ ಎಳೆಗಳ ಬುಡಕ್ಕೆ ಕಟ್ಟಿದ ಕಲ್ಲುಗಳು, ಅಷ್ಟೇ ಅವರ ಮಗ್ಗ. ಸಾವಿರಾರು ವರ್ಷ ಹಳೆಯ ವಿನ್ಯಾಸ. ಸಾಮಿ ಮಕ್ಕಳು ಶಾಲೆಯಲ್ಲಿ ತಮ್ಮ ಭಾಷೆ ಆಡದಂತೆ ಸರಕಾರ ತಡೆದ ಕಾಲದಲ್ಲೂ ಅವರ ಅವ್ವಂದಿರ ಕೈ ಅದನ್ನು ಮರೆಯಲಿಲ್ಲ. ಮಾರ್ತಾ ಹೋಫ್‌ಮನ್ ಎಂಬ ವಿದ್ವಾಂಸೆ 1964ರಲ್ಲಿ ಆ ಮಗ್ಗದ ಮೇಲೆ ದೊಡ್ಡ ಗ್ರಂಥ ಬರೆದಳು. ಗ್ರಂಥದಿಂದ ಮಗ್ಗಕ್ಕೆ ಹೆಸರು ಬಂತು. ನೇಯ್ದ ಹೆಂಗಸರನ್ನು ರಿಗ್ಗೆನ್‌ಳಂತೆ ಹೆಸರು ಹಿಡಿದು ಕರೆಯುವವರು ಎಷ್ಟು ಜನ?

ನಮ್ಮ ಕಡೆಗೆ ತಿರುಗೋಣ. 1800ರ ಹೊತ್ತಿಗೆ ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಮೈಸೂರು ಸೀಮೆ ಸುತ್ತಿ ಬರೆದಿಟ್ಟದ್ದರಲ್ಲಿ ದಪ್ಪ ಬಟ್ಟೆ ನೇಯುವ ಹೊಲೆಯರು ಕಾಣಿಸುತ್ತಾರೆ. ನೇಯ್ಗೆ ಅಂದರೆ ದೇವಾಂಗ, ಪಟ್ಟಸಾಲಿಗರದು ಮಾತ್ರ ಅಂತ ನಾವು ಓದಿಕೊಂಡು ಬಂದಿದ್ದೇವೆ. ಊರಿಗೆಲ್ಲ ದುಪ್ಪಟಿ ನೇಯ್ದು ಕೊಟ್ಟ ಕೇರಿಯ ಮಗ್ಗದ ಚರಿತ್ರೆ ಎಲ್ಲಿ ಹೋಯಿತು? ಆಮೇಲೆ ಗಿರಣಿ ಬಂತು, ಗಿರಣಿಯ ಹಿಂದೆ ಖಾದಿ ಬಂತು. ನಂಜನಗೂಡು ತಾಲ್ಲೂಕಿನ ಬದನವಾಳು ಚಾಮರಾಜನಗರದ ರೈಲುದಾರಿಯಲ್ಲೇ ಸಿಗುವ ಊರು. ಅಲ್ಲಿಯ ನೂಲುವ ಕೇಂದ್ರಕ್ಕೆ 1927ರಲ್ಲಿ ಗಾಂಧಿ ಬಂದಿದ್ದರು. ಬಡ ಹೆಂಗಸರಿಗೆ ನಾಲ್ಕು ಕಾಸು ಸಿಕ್ಕಿತು, ಅದನ್ನು ಅಲ್ಲಗಳೆಯಬಾರದು. ಅದೇ ಊರಿನಲ್ಲಿ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ 1993ರ ಮಾರ್ಚ್‌ನಲ್ಲಿ ಮೂವರು ದಲಿತರನ್ನು ಕೊಂದು ಹಾಕಿದರು. ಒಬ್ಬರು ನಿವೃತ್ತ ಮೇಷ್ಟರು, ಇನ್ನೊಬ್ಬ ಅವರ ಮಗ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲೇ ಕೂತು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಮಾಡಿದರು, ನಾಡಿನ ಕಣ್ಣು ಆ ಊರಿನ ಕಡೆ ತಿರುಗಿತು. ಅವರು 1990ರ ದಶಕದಲ್ಲಿ ಹೆಗ್ಗೋಡಿನ ಹತ್ತಿರ ಕಟ್ಟಿದ 'ಚರಕ'ದಲ್ಲಿ ಅಡಿಕೆ ಬೇಯಿಸಿದ ಚೊಗರು, ದಾಳಿಂಬೆ ಸಿಪ್ಪೆಗಳಿಂದ ನೂಲಿಗೆ ಬಣ್ಣ ಕಟ್ಟುತ್ತಾರೆ. ಹಳ್ಳಿಯ ಹೆಂಗಸರ ಸಂಘ, ಒಳ್ಳೆಯ ಬಟ್ಟೆ. ಇದನ್ನು ಮೆಚ್ಚುತ್ತಲೇ ಕೇಳುತ್ತೇನೆ: ಬದನವಾಳಿನ ಬಿಳಿ ನೂಲು ಆ ಮೂವರ ನೆತ್ತರು ನೋಡಿದ ಮೇಲೂ ಬಿಳಿಯಾಗಿಯೇ ಇರಬೇಕೆ? ಟ್ರೋನ್‌ಹೆಮ್‌ನ ಹತ್ತು ಹೆಣ ಮಗ್ಗಕ್ಕೆ ಏರಬಹುದಾದರೆ ಇವು ಯಾಕೆ ಏರಬಾರದು? ಖಾದಿ ನಮಗೆ ಬಿಳುಪು ಕಲಿಸಿತು. ಅಂಬೇಡ್ಕರರು ಗಾಂಧಿಯ ತುಂಡುಬಟ್ಟೆಗೆ ಎದುರಾಗಿ ಕೋಟು ಹಾಕಿ, ನೀಲಿ ಬಾವುಟ ಹಿಡಿಸಿದ್ದು ಸುಮ್ಮನೆ ಅಲ್ಲ. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿ ಕತೆ ಹಾಡುವವರನ್ನು ನೀಲಗಾರರು ಅನ್ನುತ್ತೇವೆ. ಉತ್ತರದ ಕಡೆ ಅದೇ ಮಾತು ನೀಲಿ ಅದ್ದುವ ಬಣ್ಣಗಾರರ ಹೆಸರು.

ಗೋಡೆಯ ಮಾತು ಬಂದಾಗ ನನಗೆ ದೇವನೂರ ಮಹಾದೇವರ 'ಒಡಲಾಳ'ದ ಪುಟ್ಟಗೌರಿ ಎದುರಿಗೆ ನಿಲ್ಲುತ್ತಾಳೆ. ಆ ಗುಡಿಸಲ ಗೋಡೆಯ ಮೇಲೆ ಅವಳು ನವಿಲು ಬರೆಯುತ್ತಾಳೆ. ಹಸಿದ ಮನೆಯಲ್ಲಿ ನವಿಲು ಯಾಕ ಅಂತ ಕೇಳೋರಿಗೆ ಆ ಕಾದಂಬರಿಯೇ ಜವಾಬು. ಬಡವರ ಗೋಡೆಗೂ ಚಿತ್ರ ಬೇಕು. ಅದು ಹೊಟ್ಟೆ ತುಂಬಿದ ಮೇಲಿನ ಮಾತು ಅನ್ನೋದು ಹೊಟ್ಟೆ ತುಂಬಿದವರ ಮಾತು. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಹೆಂಗಸರು ಹಳೇ ಸೀರೆ ಚೂರು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂ ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಇವರ ಹಿರಿಯರು ಆಫ್ರಿಕದಿಂದ ಬಂದವರು, ರಿಗ್ಗೆನ್ ನೇಯ್ದ ಆ ಕಪ್ಪು ಯೋಧನ ಖಂಡದವರು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಗೋಡೆಗೆ ಏರಿದವು. ಸಂತೋಷ. ಆದರೆ ಅದು ಅಲ್ಲಿಗೆ ಕಲೆಯಾಗಿ ಹೋಯಿತು, ಮೊದಲು ಇಲ್ಲಿ ಹೊದಿಕೆಯಾಗಿತ್ತು ಅಂತ ಬೇರೆ ಮಾಡಿ ನೋಡುವ ಕಣ್ಣು ಹೋಗಬೇಕು.

ರಿಗ್ಗೆನ್ ತನ್ನ ನೇಯ್ಗೆಗಳು ಶ್ರೀಮಂತರ ಹಜಾರದಲ್ಲಿ ಮುಚ್ಚಿಹೋಗುವುದನ್ನು ಒಪ್ಪಿದವಳಲ್ಲ, ಜನ ಓಡಾಡುವ ಕಡೆ ಇರಲಿ ಅಂದವಳು. 1958ರಲ್ಲಿ ಓಸ್ಲೋದ ಸರಕಾರಿ ಕಚೇರಿಗೆಂದು 'ನಾವು ಒಂದು ನಕ್ಷತ್ರದ ಮೇಲೆ ಬದುಕಿದ್ದೇವೆ' ನೇಯ್ದಳು. ಗಂಡು, ಹೆಣ್ಣು, ಸುತ್ತ ನೀಲಿ. 2011ರ ಜುಲೈ 22ರಂದು ಒಬ್ಬ ಬಲಪಂಥೀಯ ಕೊಲೆಗಡುಕ ಅದೇ ಕಚೇರಿಗೆ ಬಾಂಬು ಇಟ್ಟ. ಅವತ್ತು ಅವನ ಕೈಯಲ್ಲಿ ಒಟ್ಟು 77 ಜನ ಸತ್ತರು. ನೇಯ್ಗೆಯ ಬುಡ ಹರಿಯಿತು. ಆಮೇಲೆ ಹೊಲಿದರು, ಆದರೆ ಹರಿದ ಗುರುತು ಕಾಣುವಂತೆ ಬಿಟ್ಟು ಹೊಲಿದರು. ಪ್ಯಾರಿಸ್ಸಿನಲ್ಲಿ ಮಡಚಿದವರಿಗಿಂತ ಈ ಹೊಲಿದವರು ಜಾಣರು.

ಬಣ್ಣಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ಚಾಮರಾಜನಗರದ ಹೊಲಗಳಲ್ಲಿ ಅರಿಶಿನ ಇದೆ. ಗುಂಡ್ಲುಪೇಟೆಯ ಚೆಂಡುಹೂವನ್ನು ಲಾರಿಗಟ್ಟಲೆ ತುಂಬಿ ಬಣ್ಣ ಹಿಂಡುವ ಕಾರ್ಖಾನೆಗಳಿಗೆ ಸಾಗಿಸುತ್ತಾರೆ, ಬೆಳೆದವನ ಮನೆಯಲ್ಲಿ ಆ ಬಣ್ಣದ ಒಂದು ಎಳೆ ಇರುವುದಿಲ್ಲ. ಮಗ್ಗಕ್ಕೆ ನಾಲ್ಕು ಮರದ ತುಂಡು ಸಾಕು ಅಂತ ಸಾಮಿ ಹೆಂಗಸರು ತೋರಿಸಿದ್ದಾರೆ, ಶಾಲೆಯ ವರಾಂಡದಲ್ಲೇ ನಿಲ್ಲಿಸಬಹುದು. ಅರಿಶಿನದ ಹಳದಿ ಬಿಸಿಲಿಗೆ ಹಾರಿಹೋಗುತ್ತದೆ, ಚೆಂಡುಹೂವಿನದು ಪಟಕದ ಜೊತೆ ನಿಲ್ಲುತ್ತದೆ. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ಮೊದಲು ಒಗರು ಕುಡಿಸಬೇಕು. ತಂಗಡಿ ತೊಗಟೆಯ ಒಗರಿನ ಗುಣ ಚೆನ್ನಾಗಿ ಗೊತ್ತಿದ್ದವರು ಚರ್ಮ ಹದ ಮಾಡುತ್ತಿದ್ದ ನಮ್ಮ ಮಾದಿಗರ ಕೇರಿಯ ಮುದುಕರು. ಪಾಠ ಶುರುಮಾಡುವ ಮೇಷ್ಟರು ಮೊದಲು ಅವರ ಮನೆ ಬಾಗಿಲಿಗೆ ಹೋಗಿ ಕೂತು ಕೇಳಲಿ.